ಖಿನ್ನತೆಗೆ ಗ್ಲುಟಮೇಟ್ ದಾರಿಯ ಔಷಧಿಗಳು: ಯಾವುದು ಯಾರಿಗೆ?

ಎರಡು ಮೂರು ಬಗೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ಖಿನ್ನತೆ ಜಗ್ಗದೆ ಕೂತಿರುವ ಮನೆಗಳಲ್ಲಿ ಈಗ ಕೆಟಮೈನ್ ಎಂಬ ಔಷಧಿಯ ಹೆಸರು ಕೇಳಿಬರುತ್ತಿದೆ. ಒಂದೇ ದಿನದಲ್ಲಿ ಮನಸ್ಸು ಹಗುರಾಗುತ್ತದಂತೆ, ಆತ್ಮಹತ್ಯೆಯ ಯೋಚನೆ ಗಂಟೆಗಳಲ್ಲೇ ಇಳಿಯುತ್ತದಂತೆ ಎಂದು ಯಾರೋ ವಿಡಿಯೊ ಕಳಿಸಿರುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಮೊದಲ ದಿನದ ಫಲವನ್ನಷ್ಟೇ ನೋಡಿ ಔಷಧಿ ಆರಿಸಿದರೆ ಎಡವುವುದು ಖಂಡಿತ. ಮಿದುಳಿನ ಗ್ಲುಟಮೇಟ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಈ ಗುಂಪಿನ ಯಾವ ಔಷಧಿಯ ಮಾತು ಬಂದರೂ ವೈದ್ಯರ ಮುಂದೆ ಮೊದಲು ಇಡಬೇಕಾದ ಪ್ರಶ್ನೆ ನನ್ನ ಪ್ರಕಾರ ಇದು: ಮೂರನೇ ತಿಂಗಳಲ್ಲಿ ನಾವು ಎಲ್ಲಿರುತ್ತೇವೆ? ಕೆಳಗಿನ ಹೋಲಿಕೆಯನ್ನೆಲ್ಲ ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಮಾಡಿದ್ದೇನೆ.

ನಮಗೆ ಪರಿಚಿತವಾದ ಖಿನ್ನತೆಯ ಮಾತ್ರೆಗಳು, ಅಂದರೆ ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್, ಫ್ಲುಯಾಕ್ಸೆಟಿನ್ ಮುಂತಾದವು, ಮಿದುಳಿನ ಸೆರೊಟೋನಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆ. ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಗ್ಲುಟಮೇಟ್ ಬೇರೆಯೇ ವ್ಯವಸ್ಥೆ. ನರಕೋಶಗಳನ್ನು ಪ್ರಚೋದಿಸುವ ರಾಸಾಯನಿಕಗಳಲ್ಲಿ ಅದೇ ಮುಖ್ಯ. ಕಲಿಕೆ, ನೆನಪು, ನರಕೋಶಗಳ ನಡುವಿನ ಬೆಸುಗೆ ಎಲ್ಲದರಲ್ಲೂ ಅದರ ಕೈ ಇದೆ. ದೀರ್ಘಕಾಲದ ಒತ್ತಡ ಮತ್ತು ಖಿನ್ನತೆಯಲ್ಲಿ ಈ ಬೆಸುಗೆಗಳು ಸೊರಗುತ್ತವೆ ಎಂಬುದಕ್ಕೆ ಸಾಕಷ್ಟು ಪುರಾವೆಗಳಿವೆ. ಕೆಟಮೈನ್ ಎನ್‌ಎಂಡಿಎ ಎಂಬ ಗ್ಲುಟಮೇಟ್ ಗ್ರಾಹಕವನ್ನು, ಅಂದರೆ ನರಕೋಶದ ಮೇಲೆ ಗ್ಲುಟಮೇಟ್ ಬಂದು ಕೂರುವ ತಾಣವನ್ನು, ತಡೆಯುತ್ತದೆ. ಆಗ ಕೆಲಹೊತ್ತು ಗ್ಲುಟಮೇಟ್ ಉಕ್ಕಿ, ಹೊಸ ಬೆಸುಗೆಗಳು ಚಿಗುರಲು ದಾರಿಯಾಗುತ್ತದೆ ಎನ್ನುವುದು ಹೆಚ್ಚಿನ ಸಂಶೋಧಕರು ಒಪ್ಪುವ ವಿವರಣೆ. ಔಷಧಿಯ ಅರ್ಧದಷ್ಟು ಅಂಶ ಎರಡು ಮೂರು ಗಂಟೆಗಳಲ್ಲೇ ರಕ್ತದಿಂದ ಇಳಿದುಹೋದರೂ ಅದರ ಫಲ ಕೆಲವು ದಿನ ಉಳಿಯುವುದೇಕೆ ಎಂಬುದಕ್ಕೂ ಉತ್ತರ ಇಲ್ಲೇ ಇರಬಹುದು.

ಹೋಲಿಕೆಗೆ ಇಳಿಯುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ನಿಮ್ಮದು ಬರೀ ಖಿನ್ನತೆಯೋ, ಖಿನ್ನತೆಯ ಜೊತೆ ಆಗಾಗ ಮಿತಿಮೀರಿದ ಹುರುಪಿನ ದಿನಗಳೂ (ಉನ್ಮಾದ) ಬರುವ ಬೈಪೋಲಾರ್ ಕಾಯಿಲೆಯೋ? ಎಂದಾದರೂ ಸತತವಾಗಿ ಕೆಲವು ದಿನ ನಿದ್ದೆಯೇ ಬೇಡವೆನಿಸಿದ್ದು, ಮಾತು ಮಿತಿಮೀರಿದ್ದು, ಸಾಲ ಮಾಡಿ ದುಂದುವೆಚ್ಚ ಮಾಡಿದ್ದು, ಸಿಕ್ಕಾಪಟ್ಟೆ ಹುರುಪು ಬಂದದ್ದು ಉಂಟೇ? ರೋಗಿಗೆ ಅದು ಕಾಯಿಲೆ ಅನ್ನಿಸಿರುವುದಿಲ್ಲ, ಒಳ್ಳೆಯ ದಿನಗಳು ಅನ್ನಿಸಿರುತ್ತವೆ. ಹಾಗಾಗಿ ಈ ಪ್ರಶ್ನೆಗೆ ಮನೆಯವರೇ ಉತ್ತರ ಹೇಳಬೇಕು. ಉತ್ತರ ಹೌದು ಎಂದಾದರೆ ಕೆಳಗಿನ ಲೆಕ್ಕವೆಲ್ಲ ಬದಲಾಗುತ್ತದೆ.

ಇನ್ನೊಂದು ಮಾತು. ಔಷಧಿಗೆ ಬಗ್ಗದ ಖಿನ್ನತೆ ಎಂದು ವೈದ್ಯರು ಕರೆಯುವುದು ಕನಿಷ್ಠ ಎರಡು ಬೇರೆ ಬೇರೆ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟ ಮೇಲೂ ಫಲ ಸಿಗದಿದ್ದಾಗ ಮಾತ್ರ. ಹತ್ತು ದಿನ ತಿಂದು, ಹೊಟ್ಟೆ ತೊಳಸಿತೆಂದು ಬಿಟ್ಟ ಮಾತ್ರೆ ಆ ಲೆಕ್ಕಕ್ಕೆ ಬರುವುದಿಲ್ಲ. ಥೈರಾಯ್ಡ್ ನೋಡಿಸಿದ್ದೀರಾ, ಸಂಜೆಯ ಕುಡಿತ ನಿಂತಿದೆಯಾ ಎಂಬುದನ್ನು ವೈದ್ಯರಿಗೆ ಹೇಳದೆ ಮುಚ್ಚಿಟ್ಟರೆ ಯಾವ ಔಷಧಿಗೂ ನ್ಯಾಯ ಸಿಗುವುದಿಲ್ಲ.

ಕೆಟಮೈನ್ ಡ್ರಿಪ್

ಇದು ಹೊಸ ಔಷಧಿಯಲ್ಲ. 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಪ್ರಯೋಗಾಲಯದಲ್ಲಿ ತಯಾರಾಯಿತು. 1970ರಲ್ಲಿ ಅಲ್ಲಿ ಅರಿವಳಿಕೆಯಾಗಿ ಮಂಜೂರಾಯಿತು. ಉಸಿರಾಟವನ್ನು ಹೆಚ್ಚು ಕುಗ್ಗಿಸದ ಕಾರಣ ಸೌಕರ್ಯ ಕಡಿಮೆ ಇರುವ ಆಸ್ಪತ್ರೆಗಳಲ್ಲೂ ಅರಿವಳಿಕೆ ವೈದ್ಯರು ಅದನ್ನು ನೆಚ್ಚಿಕೊಂಡಿದ್ದಾರೆ. ಖಿನ್ನತೆಗೆ ಅದು ಬಂದದ್ದು 2000ದಲ್ಲಿ. ಯೇಲ್ ವಿಶ್ವವಿದ್ಯಾಲಯದ ತಂಡ ಬೆರಳೆಣಿಕೆಯ ರೋಗಿಗಳಿಗೆ ಅರಿವಳಿಕೆಗೆ ಕೊಡುವುದಕ್ಕಿಂತ ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟು ನೋಡಿತು. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕಾರ್ಲೋಸ್ ಝರಾಟೆ ಅವರ ತಂಡ ಔಷಧಿಗೆ ಬಗ್ಗದ ರೋಗಿಗಳ ಮೇಲೆ ಅದನ್ನೇ ಪರೀಕ್ಷಿಸಿತು. ಒಂದೇ ಡ್ರಿಪ್ ಆದ ಮಾರನೆಯ ದಿನ 71% ರೋಗಿಗಳಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ಪತ್ರಿಕೆಗಳು ಎತ್ತಿ ಹಿಡಿದದ್ದು ಈ ಅಂಕಿಯನ್ನೇ. ಅದೇ ಅಧ್ಯಯನದಲ್ಲಿ ಒಂದು ವಾರದ ತನಕ ಆ ಸುಧಾರಣೆ ಉಳಿದದ್ದು 35% ಮಂದಿಯಲ್ಲಿ ಎಂಬುದನ್ನು ಹೇಳುವವರು ಕಡಿಮೆ.

ಕೊಡುವ ಕ್ರಮ ಹೀಗಿರುತ್ತದೆ. ದೇಹದ ತೂಕದ ಪ್ರತಿ ಕೆಜಿಗೆ 0.5 ಮಿಲಿಗ್ರಾಂ, ಸುಮಾರು 40 ನಿಮಿಷ ಹನಿಹನಿಯಾಗಿ. 60 ಕೆಜಿ ತೂಕದವರಿಗೆ 30 ಮಿಲಿಗ್ರಾಂ. ಬಂದವರು ಖಾಲಿ ಹೊಟ್ಟೆಯಲ್ಲಿ ಬಂದಿರಬೇಕು. ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಹಾಕುತ್ತಾರೆ. ಡ್ರಿಪ್ ಶುರುವಾಗಿ ಸ್ವಲ್ಪ ಹೊತ್ತಿಗೆ ಕೈಕಾಲು ತಮ್ಮದಲ್ಲವೇನೋ ಎಂಬಂತೆ ಆಗುತ್ತದೆ. ಗೋಡೆ ದೂರ ಸರಿದಂತೆ, ಕೋಣೆಯಲ್ಲಿ ಆಡುವ ಮಾತು ಎಲ್ಲಿಂದಲೋ ಬಂದಂತೆ ಅನ್ನಿಸುತ್ತದೆ. ಕೆಲವರಿಗೆ ಅದು ಹಿತ, ಕೆಲವರಿಗೆ ಭಯ. ಮೊದಲೇ ತಿಳಿಸಿ ಹೇಳಿದ್ದರೆ ಭಯ ಕಡಿಮೆ. ಬಿಪಿ ಏರುತ್ತದೆ, ವಾಕರಿಕೆ ಬರಬಹುದು. ಡ್ರಿಪ್ ನಿಂತ ಮೇಲೆ ಒಂದೆರಡು ಗಂಟೆಯೊಳಗೆ ಇವೆಲ್ಲ ಇಳಿಯುತ್ತವೆ. ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಇರಲೇಬೇಕು. ಸಾಮಾನ್ಯವಾಗಿ ವಾರಕ್ಕೆ ಎರಡರಂತೆ ಎರಡು ಮೂರು ವಾರ ಕೊಡುತ್ತಾರೆ.

ಆಮೇಲೆ? ಇಲ್ಲೇ ಮೂರನೇ ತಿಂಗಳ ಪ್ರಶ್ನೆ ಎದ್ದು ನಿಲ್ಲುತ್ತದೆ. ಡ್ರಿಪ್ ನಿಲ್ಲಿಸಿದವರಲ್ಲಿ ಅನೇಕರಿಗೆ ವಾರಗಳಲ್ಲಿ ಖಿನ್ನತೆ ಮರಳುತ್ತದೆ. ಆ ಬಿಡುವಿನಲ್ಲಿ ಬೇರೆ ಮಾತ್ರೆ ಹೊಂದಿಸುವುದು, ಆಪ್ತಸಲಹೆ ಶುರು ಮಾಡುವುದು, ನಿದ್ದೆ ಮತ್ತು ದಿನಚರಿ ಹಳಿಗೆ ತರುವುದು ಆಗದಿದ್ದರೆ ಖರ್ಚು ಮಾಡಿದ್ದಷ್ಟೇ ಬಂತು. ಮುಂದಿನ ಯೋಜನೆ ಏನೆಂದು ಮೊದಲ ದಿನವೇ ಹೇಳದ ಕಡೆ ಡ್ರಿಪ್ ಹಾಕಿಸಿಕೊಳ್ಳಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಪುರಾವೆಯ ಬಗ್ಗೆಯೂ ಒಂದು ಎಚ್ಚರ ಬೇಕು. ಅಧ್ಯಯನಗಳಲ್ಲಿ ಡ್ರಿಪ್ ವೇಳೆ ಹೀಗೆ ತೇಲಿದ ಅನುಭವ ಆದವರಿಗೆ ತಮಗೆ ಸಿಕ್ಕಿದ್ದು ಖಾಲಿ ಡ್ರಿಪ್ ಅಲ್ಲ, ಅಸಲಿ ಔಷಧಿ ಎಂದು ಗೊತ್ತಾಗಿಬಿಡುತ್ತದೆ. ನಿರೀಕ್ಷೆಯೇ ಅರ್ಧ ಕೆಲಸ ಮಾಡಿರಬಹುದು. ಸ್ಟ್ಯಾನ್‌ಫರ್ಡ್ ಸಂಶೋಧಕರು ಇದನ್ನು ಜಾಣತನದಿಂದ ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಗೆಂದು ಪ್ರಜ್ಞೆ ತಪ್ಪಿಸಿದ್ದ ಖಿನ್ನತೆಯ 40 ರೋಗಿಗಳಲ್ಲಿ ಕೆಲವರಿಗೆ ಕೆಟಮೈನ್, ಉಳಿದವರಿಗೆ ಉಪ್ಪುನೀರಿನ ಡ್ರಿಪ್ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ ರೀತಿ ಸುಧಾರಿಸಿತ್ತು. ಚಿಕ್ಕ ಅಧ್ಯಯನ, ಶಸ್ತ್ರಚಿಕಿತ್ಸೆಯ ಅರಿವಳಿಕೆಯ ಪಾತ್ರವೂ ಅದರಲ್ಲಿ ಬೆರೆತಿದೆ. ಅಷ್ಟರಿಂದಲೇ ಕೆಟಮೈನ್ ಕೆಲಸ ಮಾಡುವುದಿಲ್ಲ ಎನ್ನಲಾಗದು. ಆದರೆ ಪವಾಡ ಎನ್ನುವವರ ಬಾಯಿಗೆ ಸ್ವಲ್ಪ ಬೀಗ ಬೀಳಬೇಕು.

ನಮ್ಮ ದೇಶದಲ್ಲಿ ಕೆಟಮೈನ್ ಕಟ್ಟುನಿಟ್ಟಿನ ಹತೋಟಿಯಲ್ಲಿ ಮಾರಬೇಕಾದ ಔಷಧಿಗಳ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ, ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ಮಂಜೂರಾತಿ ಇರುವುದು ಅರಿವಳಿಕೆಗೆ. ಖಿನ್ನತೆಗೆ ಕೊಡುವುದು ಮನೋವೈದ್ಯರ ವಿವೇಚನೆ ಮತ್ತು ರೋಗಿಯ ಲಿಖಿತ ಒಪ್ಪಿಗೆಯ ಮೇಲೆ. ಮನೆಗೆ ತಂದು ಹಾಕಿಸಿಕೊಳ್ಳುವ ಮಾತೇ ಇಲ್ಲ. ಅಮೆರಿಕದಲ್ಲಿ ಅಂಚೆಯಲ್ಲಿ ತರಿಸಿ ಮನೆಯಲ್ಲೇ ತೆಗೆದುಕೊಳ್ಳುವ ಚಾಳಿ ಹಬ್ಬಿದಾಗ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಅಕ್ಟೋಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಬೇಕಾಯಿತು. ನಶೆಗಾಗಿ ಪದೇ ಪದೇ ಬಳಸಿದವರ ಮೂತ್ರಕೋಶ ಸರಿಪಡಿಸಲಾಗದಷ್ಟು ಹಾಳಾದ ಉದಾಹರಣೆಗಳಿವೆ.

ಮೂಗಿನ ಸ್ಪ್ರೇ: ಎಸ್‌ಕೆಟಮೈನ್

ಕೆಟಮೈನ್ ಅಣು ಎರಡು ಪ್ರತಿಬಿಂಬ ರೂಪಗಳ ಮಿಶ್ರಣ. ಅದರಲ್ಲಿ ಒಂದನ್ನು ಬೇರ್ಪಡಿಸಿದರೆ ಎಸ್‌ಕೆಟಮೈನ್. ಜಾನ್ಸನ್ ಆ್ಯಂಡ್ ಜಾನ್ಸನ್ ಇದನ್ನು ಸ್ಪ್ರವಾಟೊ ಹೆಸರಿನ ಸ್ಪ್ರೇ ಮಾಡಿತು. 2019ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಖಿನ್ನತೆಯ ಮಾತ್ರೆಯ ಜೊತೆಗೆ ಕೊಡಲು ಮಂಜೂರಾತಿ ಸಿಕ್ಕಿತು, 2025ರ ಜನವರಿಯಲ್ಲಿ ಮಾತ್ರೆಯಿಲ್ಲದೆ ಒಂದನ್ನೇ ಕೊಡಲೂ ಅನುಮತಿ ಬಂತು.

ಸ್ಪ್ರೇ ಎಂದಾಕ್ಷಣ ಮೂಗು ಕಟ್ಟಿದಾಗ ಬಳಸುವಂಥದ್ದು ಎಂದುಕೊಳ್ಳಬೇಡಿ. ರೋಗಿಯೇ ಮೂಗಿಗೆ ಹಾಕಿಕೊಂಡರೂ ಅದು ಆಸ್ಪತ್ರೆಯಲ್ಲಿ, ಸಿಬ್ಬಂದಿಯ ಕಣ್ಣೆದುರಿಗೇ ಆಗಬೇಕು. ಒಂದೊಂದು ಸಾಧನದಲ್ಲಿ 28 ಮಿಲಿಗ್ರಾಂ ಇರುತ್ತದೆ. 56 ಅಥವಾ 84 ಮಿಲಿಗ್ರಾಂ ಬೇಕಾದರೆ ಐದೈದು ನಿಮಿಷ ಬಿಟ್ಟು ಎರಡು ಇಲ್ಲವೇ ಮೂರು ಸಾಧನ. ನಂತರ ಕನಿಷ್ಠ ಎರಡು ಗಂಟೆ ಅಲ್ಲೇ ಇರಬೇಕು, ಮಾರನೆಯ ದಿನದವರೆಗೆ ಗಾಡಿ ಮುಟ್ಟುವಂತಿಲ್ಲ. ಮೊದಲ ತಿಂಗಳು ವಾರಕ್ಕೆ ಎರಡು ಬಾರಿ, ಎರಡನೇ ತಿಂಗಳು ವಾರಕ್ಕೊಮ್ಮೆ, ಆಮೇಲೆ ವಾರಕ್ಕೆ ಅಥವಾ ಎರಡು ವಾರಕ್ಕೊಮ್ಮೆ.

ಡ್ರಿಪ್‌ಗಿಂತ ಇದರ ನಿಜವಾದ ಬಲ ದೀರ್ಘಾವಧಿಯ ಪುರಾವೆ. ಮೂರನೇ ತಿಂಗಳ ಪ್ರಶ್ನೆಗೆ ಬರೆದಿಟ್ಟ ಉತ್ತರ ಇದಕ್ಕಿದೆ. 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 676 ರೋಗಿಗಳನ್ನು ಎರಡು ಭಾಗ ಮಾಡಿ, ಅವರ ಮಾತ್ರೆಯ ಜೊತೆ ಒಂದು ಭಾಗಕ್ಕೆ ಎಸ್‌ಕೆಟಮೈನ್, ಇನ್ನೊಂದಕ್ಕೆ ಮನೋರೋಗಗಳಿಗೆ ಕೊಡುವ ಕ್ವೆಟಿಯಾಪಿನ್ ಎಂಬ ಮಾತ್ರೆ ಕೊಟ್ಟರು. ಎಂಟನೇ ವಾರಕ್ಕೆ ಖಿನ್ನತೆಯಿಂದ ಪೂರ್ತಿ ಹೊರಬಂದವರು 27.1% ಮತ್ತು 17.6%. ಗೆಲುವು ಎಸ್‌ಕೆಟಮೈನ್‌ದೇ. ಆದರೂ ನಾಲ್ವರಲ್ಲಿ ಸುಮಾರು ಮೂವರು ಆ ಹೊತ್ತಿಗೆ ಪೂರ್ತಿ ಹೊರಬಂದಿರಲಿಲ್ಲ ಎಂಬುದೂ ಅದೇ ಅಂಕಿಯಲ್ಲಿದೆ. ಬೆಲೆಯೇ ಇದರ ದೊಡ್ಡ ಅಡ್ಡಿ. ಅಮೆರಿಕದಲ್ಲಿ ಬಿಡುಗಡೆಯಾದಾಗ ಒಂದು ಸಲದ ಔಷಧಿಗೇ 590ರಿಂದ 885 ಡಾಲರ್ ಎಂದು ಕಂಪನಿ ಹೇಳಿತ್ತು. ಚಿಕಿತ್ಸೆಗಳನ್ನು ಅಳೆದು ನೋಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಇದನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಶಿಫಾರಸು ಮಾಡಲು ಒಪ್ಪಲಿಲ್ಲ. ವಿಮೆಯ ಬೆಂಬಲವಿರುವ ಅಮೆರಿಕದ ಕನ್ನಡಿಗರಿಗೆ ಇದು ಕೈಗೆಟುಕುವ ಆಯ್ಕೆ ಆಗಬಹುದು. ಕೈಯಿಂದ ಕೊಡಬೇಕಾದವರಿಗೆ ಹಳೆಯ ಡ್ರಿಪ್ಪೇ ವಾಸಿ.

ರಕ್ತನಾಳ ಉಬ್ಬಿದ ಕಾಯಿಲೆ ಇರುವವರು, ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದವರು ಎಸ್‌ಕೆಟಮೈನ್ ತೆಗೆದುಕೊಳ್ಳುವಂತಿಲ್ಲ. ಹತೋಟಿಗೆ ಬಾರದ ಬಿಪಿ, ಭ್ರಮೆಗಳಿರುವ ಮನೋರೋಗ, ಗರ್ಭ, ನಶೆಯ ಚಟ ಇದ್ದರೆ ಡ್ರಿಪ್ ಮತ್ತು ಸ್ಪ್ರೇ ಎರಡರ ವಿಷಯದಲ್ಲೂ ವೈದ್ಯರು ಹಿಂಜರಿಯುತ್ತಾರೆ, ಹಿಂಜರಿಯಲೇಬೇಕು. ನಿದ್ದೆಗೆಂದು ಕ್ಲೋನಜೆಪಾಮ್ ತಿನ್ನುತ್ತಿದ್ದರೆ ಅದನ್ನೂ ಹೇಳಿ. ಆ ಗುಂಪಿನ ಮಾತ್ರೆಗಳು ಕೆಟಮೈನ್‌ನ ಫಲವನ್ನು ಕುಗ್ಗಿಸುತ್ತವೆ ಎಂದು ಕೆಲವು ಅಧ್ಯಯನಗಳು ಸೂಚಿಸಿವೆ.

ಶಾಕ್ ಟ್ರೀಟ್‌ಮೆಂಟಿನ ಎದುರು ಕೆಟಮೈನ್

ಶಾಕ್ ಟ್ರೀಟ್‌ಮೆಂಟ್, ಅಂದರೆ ಮಿದುಳಿಗೆ ಸ್ವಲ್ಪ ಹೊತ್ತು ಕರೆಂಟ್ ಕೊಡುವ ಇಸಿಟಿ, ಗ್ಲುಟಮೇಟ್ ಔಷಧಿಯಲ್ಲ. ಆದರೆ ನಿಜವಾದ ಆಯ್ಕೆ ಬಹಳ ಸಲ ಇವೆರಡರ ನಡುವೆಯೇ ಬಂದು ನಿಲ್ಲುವುದರಿಂದ ಬಿಡುವಂತಿಲ್ಲ. 2023ರ ಅಮೆರಿಕದ ಅಧ್ಯಯನದಲ್ಲಿ ಭ್ರಮೆಗಳಿಲ್ಲದ ಖಿನ್ನತೆಯ ರೋಗಿಗಳಲ್ಲಿ ಕೆಟಮೈನ್‌ಗೆ ಸ್ಪಂದಿಸಿದವರು 55.4%, ಇಸಿಟಿಗೆ 41.2%. ನೆನಪಿನ ತೊಂದರೆಯೂ ಕೆಟಮೈನ್ ಗುಂಪಿನಲ್ಲಿ ಕಡಿಮೆ. ಅದಕ್ಕೆ ಸ್ವಲ್ಪ ಮುಂಚೆ ಸ್ವೀಡನ್ನಿನಲ್ಲಿ ನಡೆದ ಅಧ್ಯಯನದಲ್ಲಿ ಫಲಿತಾಂಶ ತಿರುಗುಮುರುಗಾಗಿತ್ತು: ಪೂರ್ತಿ ಹೊರಬಂದವರು ಇಸಿಟಿಯಲ್ಲಿ 63%, ಕೆಟಮೈನ್‌ನಲ್ಲಿ 46%. ಅಮೆರಿಕದ ರೋಗಿಗಳಲ್ಲಿ ಹೆಚ್ಚಿನವರು ಮನೆಯಿಂದ ಬಂದುಹೋಗುವವರು. ಸ್ವೀಡನ್ನಿನವರು ಆಸ್ಪತ್ರೆಗೆ ದಾಖಲಾದ, ತೀವ್ರ ಸ್ಥಿತಿಯವರು. ಫಲಿತಾಂಶ ಬೇರೆಯಾದದ್ದು ಬಹುಮಟ್ಟಿಗೆ ಇದರಿಂದಲೇ ಎಂದು ನನಗನ್ನಿಸುತ್ತದೆ.

ಹಾಗಾಗಿ ಊಟ ಬಿಟ್ಟು ಮಾತು ನಿಲ್ಲಿಸಿ ಮಲಗಿಬಿಟ್ಟವರಿಗೆ, ತಾನು ಪಾಪಿ ಎಂಬ ಭ್ರಮೆ ಹತ್ತಿದವರಿಗೆ, ವಯಸ್ಸಾದವರ ತೀವ್ರ ಖಿನ್ನತೆಗೆ ಇಸಿಟಿಯೇ ಮೇಲು. ಕೆಲಸಕ್ಕೆ ಹೋಗುತ್ತಾ ಒಳಗೊಳಗೇ ಬೇಯುತ್ತಿರುವ, ನೆನಪಿಗೆ ಧಕ್ಕೆಯಾದರೆ ಜೀವನವೇ ಕೆಡುವವರಿಗೆ ಕೆಟಮೈನ್ ಮೊದಲು ನೋಡಬಹುದು. ಸಿನಿಮಾಗಳಲ್ಲಿ ತೋರಿಸುವಂತೆ ಕಟ್ಟಿಹಾಕಿ ಕರೆಂಟ್ ಕೊಡುವ ಪದ್ಧತಿ ಈಗಿಲ್ಲ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದ ಇಸಿಟಿಯನ್ನು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಹೆದರಿಕೆಯಿಂದಲೇ ಒಳ್ಳೆಯ ಚಿಕಿತ್ಸೆ ತಪ್ಪಿಸಿಕೊಂಡವರು ಎಷ್ಟೋ ಜನ.

ಡೆಕ್ಸ್ಟ್ರೊಮೆಥಾರ್ಫಾನ್ ಮತ್ತು ಬುಪ್ರೋಪಿಯಾನ್

ಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್ ಕೂಡ ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತದೆ, ಆದರೆ ಯಕೃತ್ತು ಅದನ್ನು ಬೇಗ ಒಡೆದುಹಾಕುತ್ತದೆ. ಬುಪ್ರೋಪಿಯಾನ್ ಆ ಒಡೆಯುವ ಕಿಣ್ವಕ್ಕೆ ಅಡ್ಡ ನಿಲ್ಲುತ್ತದೆ, ಜೊತೆಗೆ ತಾನೂ ಖಿನ್ನತೆಯ ಔಷಧಿ. ಎರಡನ್ನೂ ಸೇರಿಸಿದ ಮಾತ್ರೆಗೆ ಅಮೆರಿಕದಲ್ಲಿ 2022ರ ಆಗಸ್ಟ್‌ನಲ್ಲಿ ಮಂಜೂರಾತಿ ಸಿಕ್ಕಿತು. ಆಸ್ಪತ್ರೆಯಲ್ಲಿ ಕೂರಬೇಕಿಲ್ಲ, ತೇಲುವ ಅನುಭವ ವಿರಳ. ಆರು ವಾರಗಳ ಪರೀಕ್ಷೆಯಲ್ಲಿ ಪೂರ್ತಿ ಹೊರಬಂದವರು 39.5%, ಖಾಲಿ ಮಾತ್ರೆ ತಿಂದವರಲ್ಲಿ 17.3%. ಮೊದಲ ವಾರದಿಂದಲೇ ವ್ಯತ್ಯಾಸ ಕಂಡಿತ್ತು. ಆದರೆ ಔಷಧಿಗೆ ಬಗ್ಗದ ಖಿನ್ನತೆಯಲ್ಲಿ ಬರೀ ಬುಪ್ರೋಪಿಯಾನ್ ಜೊತೆ ಹೋಲಿಸಿದಾಗ ಇದು ಮುಖ್ಯ ಗುರಿ ಮುಟ್ಟಲಿಲ್ಲ. ನಾಲ್ಕಾರು ಔಷಧಿ ಸೋತವರಿಗಿಂತ ಇನ್ನೂ ಆರಂಭದ ಹಂತದಲ್ಲಿರುವವರಿಗೆ ಇದು ಹೊಂದುವಂಥದ್ದು. ಫಿಟ್ಸ್ ಇರುವವರಿಗೆ, ಊಟ ಬಿಡುವ ಅಥವಾ ಅತಿಯಾಗಿ ತಿಂದು ಕಕ್ಕುವ ಕಾಯಿಲೆ ಇರುವವರಿಗೆ ನಿಷಿದ್ಧ. ಸಿರಪ್ ಬಾಟಲಿ ತಂದು ನಾವೇ ಪ್ರಯೋಗ ಮಾಡೋಣ ಎಂಬ ಯೋಚನೆ ದಯವಿಟ್ಟು ಬೇಡ. ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆಯ ಮೇಲೆ ಅದು ಹೆಚ್ಚಾಗಿ ಸೇರಿದರೆ ಸೆರೊಟೋನಿನ್ ಉಕ್ಕಿ ಜ್ವರ, ನಡುಕ, ಗೊಂದಲ ಬಂದು ಪ್ರಾಣಕ್ಕೇ ಕುತ್ತಾಗಬಹುದು.

ಲ್ಯಾಮೋಟ್ರಿಜಿನ್: ಬೈಪೋಲಾರ್ ಇದ್ದರೆ ಮೊದಲು ಇದನ್ನು ನೋಡಿ

ಇದರ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ. ಆದರೆ ಗ್ಲುಟಮೇಟ್ ಮೇಲೆ ಕೆಲಸ ಮಾಡುವ ಔಷಧಿಗಳಲ್ಲಿ ನಮ್ಮ ಊರಿನ ಮೆಡಿಕಲ್ ಸ್ಟೋರಿನಲ್ಲೇ ಚೀಟಿ ತೋರಿಸಿದರೆ ಸುಲಭವಾಗಿ ಸಿಗುವಂಥದ್ದು ಇದು, ಮೂರನೇ ತಿಂಗಳ ಪ್ರಶ್ನೆಗೆ ಅತ್ಯಂತ ಗಟ್ಟಿ ಉತ್ತರ ಕೊಡುವುದೂ ಇದು. ಮೂಲದಲ್ಲಿ ಫಿಟ್ಸ್ ಔಷಧಿ. ನರಕೋಶಗಳ ಸೋಡಿಯಂ ದ್ವಾರಗಳನ್ನು ತಡೆದು ಗ್ಲುಟಮೇಟ್ ಬಿಡುಗಡೆಯನ್ನು ತಗ್ಗಿಸುತ್ತದೆ. ಕೆಟಮೈನ್ ಉಕ್ಕಿಸಿದರೆ ಇದು ಇಳಿಸುತ್ತದೆ ಎಂಬುದು ನಿಜಕ್ಕೂ ಸೋಜಿಗ. 2003ರಲ್ಲಿ ಅಮೆರಿಕದಲ್ಲಿ ಬೈಪೋಲಾರ್ ಕಾಯಿಲೆ ಮರುಕಳಿಸದಂತೆ ಕೊಡಲು ಮಂಜೂರಾಯಿತು. ಉನ್ಮಾದಕ್ಕಿಂತ ಖಿನ್ನತೆ ಮರಳುವುದನ್ನು ತಡೆಯುವುದರಲ್ಲಿ ಇದರ ಕೈ ಮೇಲು. ತೂಕ ಹೆಚ್ಚಿಸುವುದಿಲ್ಲ, ಮಂಕು ಹಿಡಿಸುವುದು ಕಡಿಮೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಬೈಪೋಲಾರ್‌ಗೆ ಕೊಡುವ ಇನ್ನೊಂದು ಔಷಧಿಯಾದ ವ್ಯಾಲ್‌ಪ್ರೊಯೇಟ್‌ಗಿಂತ ಎಷ್ಟೋ ಸುರಕ್ಷಿತ.

ಬೆಲೆ ತೆರಬೇಕಾದದ್ದು ತಾಳ್ಮೆಯಲ್ಲಿ. ಮೊದಲ ಎರಡು ವಾರ ದಿನಕ್ಕೆ 25 ಮಿಲಿಗ್ರಾಂ, ಮುಂದಿನ ಎರಡು ವಾರ 50, ಐದನೇ ವಾರ 100, ಆಮೇಲೆ 200. ವ್ಯಾಲ್‌ಪ್ರೊಯೇಟ್ ಜೊತೆಗಿದ್ದರೆ ಇದರ ಅರ್ಧ, ಶುರುವಿನಲ್ಲಿ ದಿನ ಬಿಟ್ಟು ದಿನ. ಈ ನಿಧಾನಕ್ಕೆ ಕಾರಣ ಸ್ಟೀವನ್ಸ್-ಜಾನ್ಸನ್ ಎಂಬ ಭೀಕರ ಚರ್ಮರೋಗ. ವಿರಳ, ಆದರೆ ಬಂದರೆ ಪ್ರಾಣಕ್ಕೇ ಬರುತ್ತದೆ, ಪ್ರಮಾಣ ಬೇಗ ಏರಿಸಿದಷ್ಟೂ ಅಪಾಯ ಹೆಚ್ಚು. ಮೊದಲ ಎರಡು ತಿಂಗಳು ಮೈಮೇಲೆ ದದ್ದು ಎದ್ದರೆ ಸೆಕೆಗುಳ್ಳೆ ಇರಬೇಕೆಂದು ಪೌಡರ್ ಹಾಕಿ ಸುಮ್ಮನಿರಬೇಡಿ. ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಜ್ವರ, ಬಾಯಿಹುಣ್ಣು, ಕೆಂಪು ಕಣ್ಣು ಜೊತೆಗಿದ್ದರೆ ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ.

ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ಮಾತ್ರೆ ಮರೆತು ಐದು ದಿನಕ್ಕಿಂತ ಹೆಚ್ಚು ಬಿಟ್ಟುಹೋದರೆ, ಬಂದ ಮೇಲೆ ಮತ್ತೆ 200 ನುಂಗುವಂತಿಲ್ಲ. 25ರಿಂದಲೇ ಶುರು ಮಾಡಬೇಕಾಗುತ್ತದೆ. ಇದನ್ನು ಎಷ್ಟೋ ಮನೆಗಳಲ್ಲಿ ಯಾರೂ ಹೇಳಿರುವುದಿಲ್ಲ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ರಕ್ತದಲ್ಲಿ ಇದರ ಮಟ್ಟವನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಹೃದಯದ ಕಾಯಿಲೆ ಇದ್ದವರು ಮೊದಲೇ ತಿಳಿಸಬೇಕು. ಇನ್ನೊಂದು ಅನಿರೀಕ್ಷಿತ ಸಂಗತಿ: 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಕ್ವೆಟಿಯಾಪಿನ್ ಜೊತೆ ಲ್ಯಾಮೋಟ್ರಿಜಿನ್ ಸೇರಿಸಿದಾಗ ಬೈಪೋಲಾರ್ ಖಿನ್ನತೆ ಸುಧಾರಿಸಿತು, ಆದರೆ ಫೋಲಿಕ್ ಆಮ್ಲ ತೆಗೆದುಕೊಳ್ಳುತ್ತಿದ್ದವರಲ್ಲಿ ಆ ಲಾಭ ಕಾಣಲಿಲ್ಲ. ಟಾನಿಕ್ ಎಂದು ಯಾರೋ ಬರೆದುಕೊಟ್ಟ ಫೋಲಿಕ್ ಆಮ್ಲ ನಿಮ್ಮ ಡಬ್ಬಿಯಲ್ಲಿದ್ದರೆ ಮನೋವೈದ್ಯರಿಗೆ ತೋರಿಸಿ. ಗರ್ಭಿಣಿಯರ ವಿಷಯ ಬೇರೆ, ಅವರು ತಾವಾಗಿಯೇ ಬಿಡಬಾರದು.

ಈಗಲೇ ಮುಳುಗುತ್ತಿರುವವರನ್ನು ಲ್ಯಾಮೋಟ್ರಿಜಿನ್ ಎತ್ತಲಾರದು. ಆರು ವಾರ ಕಾಯುವ ಸ್ಥಿತಿ ಇಲ್ಲದಿದ್ದರೆ ಬೇರೆಯದನ್ನು ಜೊತೆಗೆ ಕೊಟ್ಟು ಇದನ್ನು ಹಿನ್ನೆಲೆಯಲ್ಲಿ ಏರಿಸುತ್ತಾ ಹೋಗುತ್ತಾರೆ. ಬೈಪೋಲಾರ್ ಅಲ್ಲದ ಬರೀ ಖಿನ್ನತೆಗೆ ಇದಕ್ಕೆ ಮಂಜೂರಾತಿ ಇಲ್ಲ.

ಇಂಟರ್ನೆಟ್ಟಿನಲ್ಲಿ ಕಾಣುವ ಉಳಿದ ಹೆಸರುಗಳ ಹಿಂದೆ ಹೋಗಬೇಡಿ. ರಾಪಾಸ್ಟಿನೆಲ್ 2019ರಲ್ಲಿ ಕೊನೆಯ ಹಂತದ ಪರೀಕ್ಷೆಗಳಲ್ಲಿ ಬಿದ್ದುಹೋಯಿತು. ಮರೆವಿನ ಕಾಯಿಲೆಗೆ ಕೊಡುವ ಮೆಮಾಂಟಿನ್ ಎನ್‌ಎಂಡಿಎಯನ್ನೇ ತಡೆದರೂ ಖಿನ್ನತೆಗೆ ಕೆಲಸಕ್ಕೆ ಬರಲಿಲ್ಲ. ಕೆಟಮೈನ್‌ನ ಇನ್ನೊಂದು ರೂಪ ಆರ್‌ಕೆಟಮೈನ್ 2023ರಲ್ಲಿ ಎರಡನೇ ಹಂತದಲ್ಲೇ ಸೋತಿತು. ಎನ್-ಅಸಿಟೈಲ್ ಸಿಸ್ಟೀನ್ ಫಲಿತಾಂಶ ಒಮ್ಮೆ ಹಾಗೆ, ಒಮ್ಮೆ ಹೀಗೆ.

ಆತ್ಮಹತ್ಯೆಯ ಯೋಚನೆ ಬಲವಾಗಿದ್ದರೆ ಈ ಹೋಲಿಕೆಯೆಲ್ಲ ಆಮೇಲೆ. ಒಬ್ಬರನ್ನೇ ಬಿಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಸಿಗುತ್ತದೆ.

ಉಳಿದವರು ಮನೋವೈದ್ಯರನ್ನು ಕಾಣುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಈವರೆಗೆ ತಿಂದ ಪ್ರತಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ವಾರ, ಬಿಟ್ಟದ್ದೇಕೆ. ಬಿಪಿ, ಸಕ್ಕರೆ, ಥೈರಾಯ್ಡ್‌ಗೆ ನಡೆಯುತ್ತಿರುವ ಔಷಧಿಗಳನ್ನೂ ಬರೆಯಿರಿ. ಹುರುಪು ಮಿತಿಮೀರಿದ ದಿನಗಳಿದ್ದರೆ ಯಾವ ವರ್ಷ, ಎಷ್ಟು ದಿನ ಎಂದು ಮನೆಯವರಿಂದ ಬರೆಸಿ. ಹಳೆಯ ಚೀಟಿಗಳು ಕಳೆದಿದ್ದರೆ ಖಾಲಿ ಸ್ಟ್ರಿಪ್‌ಗಳಾದರೂ ಸಾಕು. ಇಷ್ಟು ಕೈಯಲ್ಲಿದ್ದರೆ ವೈದ್ಯರು ಮೊದಲ ಭೇಟಿಯಲ್ಲೇ ಡ್ರಿಪ್ಪೋ, ಮಾತ್ರೆಯೋ, ಇಸಿಟಿಯೋ ಎಂಬ ಮಾತಿಗೆ ಇಳಿಯಲು ಸಾಧ್ಯವಾಗುತ್ತದೆ.